ಮಿಲಿಟರಿ ಜಾಗದಲ್ಲಿ ಬೈಕ್ ಓಡಿಸಲು ಬಿಡಬೇಕಾ? ಬೀದರ್ ಗ್ಯಾರೇಜಿನಲ್ಲಿ ಸಿಕ್ಕ ಒಂದು ಪ್ರಶ್ನೆ

[ದೃಶ್ಯ: ಬೀದರ್ ಹೊರವಲಯ. ಬೆಳಗಿನ ಹೊತ್ತು. ಕೆಂಪು ನೆಲ. ಮೇಲೆ ಜೆಟ್ ವಿಮಾನದ ಸದ್ದು.]

ನಮಸ್ಕಾರ. ಸದ್ದು ಕೇಳಿಸಿತಲ್ವಾ? ಬೀದರ್‌ನಲ್ಲಿ ಹುಟ್ಟಿ ಬೆಳೆದವರು ಈ ಸದ್ದಿಗೆ ತಲೆ ಎತ್ತಿ ನೋಡುವುದೂ ಇಲ್ಲ. ನಮ್ಮ ಊರಿನ ವಾಯುನೆಲೆ ಪೈಲಟ್‌ಗಳಿಗೆ ಪಾಠಶಾಲೆ ಇದ್ದಂತೆ. ಹಾಕ್ ವಿಮಾನದ ಮೇಲೆ ಹೊಸಬರು ಇಲ್ಲೇ ಪಳಗುತ್ತಾರೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಸೇನೆಯ ಸೂರ್ಯಕಿರಣ್ ತಂಡ 1996ರಲ್ಲಿ ಶುರುವಾಗಿದ್ದೂ ಇಲ್ಲೇ.

ಮೊನ್ನೆ ಉದಗೀರ್ ರಸ್ತೆಯ ಒಂದು ಗ್ಯಾರೇಜಿನಲ್ಲಿ ಬೈಕಿನ ಚೈನ್ ಬಿಗಿ ಮಾಡಿಸುತ್ತಾ ಕೂತಿದ್ದೆ. ಅಲ್ಲಿ ಒಬ್ಬ ಹುಡುಗ ಕೇಳಿದ: "ಅಣ್ಣಾ, ಅಮೆರಿಕಾದಾಗ ಮಿಲಿಟರಿ ಜಾಗದಾಗ ಡರ್ಟ್ ಬೈಕ್ ಬಿಡ್ತಾರಂತ. ನಮ್ಮಲ್ಲಿ ಯಾಕ ಬಿಡಂಗಿಲ್ಲ? ಎಷ್ಟು ಜಾಗ ಖಾಲಿ ಬಿದ್ದದ!"

ಒಳ್ಳೆಯ ಪ್ರಶ್ನೆ. ಅದರಲ್ಲೂ ಆ "ಖಾಲಿ ಬಿದ್ದದ" ಅನ್ನುವ ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿತು. ಇವತ್ತಿನ ವಿಡಿಯೋ ಪೂರ್ತಿ ಆ ಮಾತಿನ ಬೆನ್ನು ಹತ್ತಿ ಹೋಗುತ್ತದೆ.

ಮೊದಲು ನಮ್ಮ ದೇಶದ ಲೆಕ್ಕ ಬೇಗ ಮುಗಿಸೋಣ. ರಕ್ಷಣಾ ಇಲಾಖೆಯ ಜಮೀನಿನ ದೊಡ್ಡ ಸರ್ವೆ 2022ರ ಹೊತ್ತಿಗೆ ಮುಗಿಯಿತು. ಅಳೆದದ್ದು 17.78 ಲಕ್ಷ ಎಕರೆ. ದೇಶದ ಉದ್ದಗಲಕ್ಕೂ ಸುಮಾರು 4,900 ಕಡೆ ತುಂಡು ತುಂಡಾಗಿ ಹರಡಿದೆ. ಅನುಮತಿ ಇಲ್ಲದೆ ಅದರೊಳಗೆ ಹೋಗುವಂತಿಲ್ಲ. ಕೆಲವು ಜಾಗಗಳಿಗೆ 1923ರ ಅಧಿಕೃತ ರಹಸ್ಯ ಕಾಯ್ದೆಯೂ ತಗಲುತ್ತದೆ. ಫೈರಿಂಗ್ ಅಭ್ಯಾಸ ನಡೆಯುವ ಕಡೆ 1938ರ ಇನ್ನೊಂದು ಕಾಯ್ದೆ ಇದೆ. ಅಂಥ ನೆಲದಲ್ಲಿ ಸಿಡಿಯದ ಗುಂಡು ಮಣ್ಣಲ್ಲಿ ಹೂತು ಕೂತಿರಬಹುದು. ಗುಜರಿ ಆಯಲು ಹೋಗಿ ಜೀವ ಕಳೆದುಕೊಂಡ ಬಡವರ ಸುದ್ದಿ ನೀವೂ ಓದಿರುತ್ತೀರಿ. ಹಾಗಾಗಿ ಕಾಂಪೌಂಡ್ ಹಾರುವ ಯೋಚನೆ ಯಾರಿಗಾದರೂ ಇದ್ದರೆ ಇಲ್ಲೇ ಬಿಟ್ಟುಬಿಡಿ.

ಈಗ ಅಮೆರಿಕದ ಕಥೆಗೆ ಬರೋಣ. ಆ ಹುಡುಗ ಹೇಳಿದ್ದು ಅರ್ಧ ನಿಜ.

1972ರ ಫೆಬ್ರುವರಿ 8ರಂದು ಅಧ್ಯಕ್ಷ ನಿಕ್ಸನ್ ಒಂದು ಆದೇಶಕ್ಕೆ ಸಹಿ ಹಾಕಿದರು. ರಸ್ತೆ ಬಿಟ್ಟು ಮಣ್ಣಲ್ಲಿ ಓಡುವ ಮೋಜಿನ ವಾಹನಗಳು ಆಗ ಅಲ್ಲಿ ಸುಮಾರು 50 ಲಕ್ಷ ಇವೆ ಅಂತ ಆ ಆದೇಶವೇ ಹೇಳುತ್ತದೆ. ಸರ್ಕಾರಿ ಜಮೀನು ಇಟ್ಟುಕೊಂಡ ಇಲಾಖೆಗಳಿಗೆ, ರಕ್ಷಣಾ ಇಲಾಖೆಗೂ ಸೇರಿಸಿ, ಅದು ಒಂದು ಕೆಲಸ ಹಚ್ಚಿತು. ಎಲ್ಲಿ ಓಡಿಸಬಹುದು, ಎಲ್ಲಿ ಓಡಿಸಬಾರದು ಅಂತ ಗುರುತು ಮಾಡಿ. ಜನರಿಗೆ ನಕ್ಷೆ ಕೊಡಿ. ಬೋರ್ಡ್ ಹಾಕಿ. ಮಣ್ಣು, ನೀರು, ಗಿಡ, ಪ್ರಾಣಿ, ಅಲ್ಲಿ ಓಡಾಡುವ ಬೇರೆ ಜನ, ಇವರಿಗೆಲ್ಲ ಆದಷ್ಟು ಕಡಿಮೆ ತೊಂದರೆ ಆಗುವ ಕಡೆ ಹಾದಿ ಆರಿಸಿ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಬಂದು ಇನ್ನೊಂದು ಗಟ್ಟಿ ಸಾಲು ಸೇರಿಸಿದರು. ಹಾನಿ ಕಣ್ಣಿಗೆ ಕಂಡರೆ ಆ ಹಾದಿಯನ್ನು ತಕ್ಷಣ ಮುಚ್ಚಿ, ಸರಿಯಾಗುವವರೆಗೆ ತೆರೆಯಬೇಡಿ.

ಅಂದರೆ ಅಲ್ಲಿಯೂ ಗೇಟು ತೆರೆದು "ಹೋಗ್ರಪ್ಪಾ" ಅನ್ನುವುದಿಲ್ಲ. ಎಷ್ಟೋ ನೆಲೆಗಳಲ್ಲಿ ಮೋಜಿನ ವಾಹನ ಪೂರ್ತಿ ಬಂದ್. ಬಿಡುವ ಕಡೆ ಪರವಾನಗಿ ಬೇಕು. ಒಳಗೆ ಹೋಗುವಾಗ ಹೆಸರು ಬರೆಸಬೇಕು, ಹೊರಗೆ ಬಂದಾಗ ಬಂದೆ ಅಂತ ತಿಳಿಸಬೇಕು.

ಸರಿ, ಇಷ್ಟೆಲ್ಲ ಕಟ್ಟುಪಾಡು ಯಾಕೆ? ನಾಲ್ಕು ಬೈಕ್ ಮಣ್ಣಲ್ಲಿ ಓಡಿದರೆ ಏನಾಗುತ್ತದೆ?

[ದೃಶ್ಯ: ಕೈಯಲ್ಲಿ ಸೈಕಲ್ ಚಕ್ರದ ಒಂದು ಕಡ್ಡಿ.]

ಇದು ಹಳೆ ಸೈಕಲ್ಲಿನ ಕಡ್ಡಿ. ಇದನ್ನು ಹಿಡಿದುಕೊಂಡು ಹುಮನಾಬಾದ್ ಹತ್ತಿರ ಗೆಳೆಯನ ತೊಗರಿ ಹೊಲಕ್ಕೆ ಹೋಗಿದ್ದೆ. ಬದುವಿನ ಪಕ್ಕ ಟ್ರ್ಯಾಕ್ಟರ್ ಓಡಾಡುವ ಜಾಡು ಇದೆ. ಜಾಡಿನಿಂದ ಒಂದು ಹೆಜ್ಜೆ ಆಚೆ, ಬೆಳೆ ಇರುವ ಕಡೆ ಕಡ್ಡಿ ಒತ್ತಿದೆ. ಒಂದು ಗೇಣು ಸರಾಗವಾಗಿ ಇಳಿಯಿತು. ಜಾಡಿನ ಒಳಗೆ ಒತ್ತಿದೆ. ನಾಲ್ಕು ಬೆರಳು ಇಳಿದು ನಿಂತಿತು. ಇನ್ನೂ ಒತ್ತಿದರೆ ಕಡ್ಡಿ ಬಾಗುತ್ತದೆ, ಕೆಳಗೆ ಮಾತ್ರ ಹೋಗುವುದಿಲ್ಲ. ಅದೇ ಮಣ್ಣು, ಅದೇ ಮಳೆ. ನಡುವೆ ಇದ್ದದ್ದು ಒಂದೇ ಹೆಜ್ಜೆ.

ಮಣ್ಣಿನ ಕಣಗಳ ನಡುವೆ ಸಂದಿ ಇರುತ್ತದೆ. ಗಾಳಿ, ನೀರು, ಬೇರು ಎಲ್ಲ ಓಡಾಡುವುದು ಆ ಸಂದಿಯಲ್ಲೇ. ಗಾಲಿ ಆ ಸಂದಿಯನ್ನು ಒತ್ತಿ ಮುಚ್ಚುತ್ತದೆ. ಇದರಲ್ಲಿ ಮುಖ್ಯವಾದ ಮಾತು ಒಂದಿದೆ. ಮಣ್ಣು ಬಿಗಿಯುವ ಹಾನಿಯಲ್ಲಿ ದೊಡ್ಡ ಪಾಲು ಮೊದಲ ಕೆಲವು ಸಲ ಗಾಲಿ ಹಾದಾಗಲೇ ಆಗಿಹೋಗುತ್ತದೆ. ಐವತ್ತನೇ ಸಲಕ್ಕೆ ಹೊಸದಾಗಿ ಆಗುವ ಹಾನಿ ಕಡಿಮೆ. ಹಾಗಾಗಿ ನೂರು ಬೈಕ್ ಒಂದೇ ಜಾಡಿನಲ್ಲಿ ಹೋದರೆ ಹಾಳಾಗುವುದು ಒಂದು ಗೀಟು. ಅದೇ ನೂರು ಬೈಕ್ ನೂರು ಕಡೆ ಚದುರಿ ಹೋದರೆ ಹೊಲವೇ ಹೋಯಿತು.

ನಮ್ಮ ರೈತರು ಇದನ್ನು ಯಾವ ಆದೇಶವನ್ನೂ ಓದಿ ಕಲಿತವರಲ್ಲ. ಬಂಡಿ ಒಂದೇ ಹಾದಿ ಹಿಡಿದು ಹೋಗಬೇಕು, ಹಸಿ ಹೊಲಕ್ಕೆ ಇಳಿಯಬಾರದು, ಹದ ನೋಡಿ ಇಳಿಯಬೇಕು. ಈ "ಹದ" ಅನ್ನುವ ಒಂದು ಮಾತಿನಲ್ಲಿ ಎಷ್ಟು ತಿಳಿವಳಿಕೆ ಇದೆ ನೋಡಿ.

ಬಿಗಿದ ಮಣ್ಣು ಎಷ್ಟು ದಿನ ಹಾಗೇ ಇರುತ್ತದೆ? ಕ್ಯಾಲಿಫೋರ್ನಿಯಾ, ಅರಿಜೋನಾ ಮರುಭೂಮಿಯಲ್ಲಿ 1942ರಲ್ಲಿ ಜನರಲ್ ಪ್ಯಾಟನ್ ಟ್ಯಾಂಕ್ ಪಡೆಗಳಿಗೆ ತರಬೇತಿ ಶಿಬಿರ ಶುರು ಮಾಡಿದರು. 1944ರಲ್ಲಿ ಅದು ಮುಚ್ಚಿತು. ಆ ಟ್ಯಾಂಕ್‌ಗಳ ಜಾಡು ಇವತ್ತಿಗೂ ಅಲ್ಲಿ ಕಾಣುತ್ತದೆ. ಎಂಬತ್ತು ವರ್ಷದ ಮೇಲಾಯಿತು. ಓಡಿಸಿದ ಹುಡುಗರು ಅಜ್ಜಂದಿರಾಗಿ ತೀರಿಹೋದರು, ಗಾಲಿಯ ಗುರುತು ಉಳಿಯಿತು.

"ಅದು ಟ್ಯಾಂಕ್, ನಮ್ಮದು ಬೈಕ್" ಅನ್ನುತ್ತೀರಾ? ಇಲ್ಲಿ ಒಂದು ಲೆಕ್ಕ ಕೇಳಿ. ಟ್ಯಾಂಕಿನ ಪಟ್ಟಿ ಅಗಲ, ಉದ್ದ. ಭಾರ ಹರಡಿಹೋಗುತ್ತದೆ. ದೊಡ್ಡ ಟ್ಯಾಂಕ್ ಕೂಡ ನೆಲದ ಮೇಲೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಹಾಕುತ್ತದೆ. ನಮ್ಮ ಕಾರಿನ ಟೈರ್ ಹಾಕುವುದು ಅದರ ಸುಮಾರು ಎರಡು ಪಟ್ಟು. ಟ್ಯಾಂಕಿನ ಭಾರ ಮಣ್ಣಿನ ಆಳಕ್ಕೆ ಮುಟ್ಟುತ್ತದೆ, ಅದು ಬೇರೆ ಮಾತು. ಆದರೆ ಮೇಲ್ಮಣ್ಣಿಗೆ ಸಣ್ಣ ಟೈರ್ ಕಡಿಮೆ ಏನಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇದಕ್ಕೋಸ್ಕರವೇ ಈ ವಿಡಿಯೋ ಮಾಡಿದೆ ಅಂದರೂ ನಡೆಯುತ್ತದೆ.

[ದೃಶ್ಯ: ಜಾಡಿನಲ್ಲಿ ನಿಂತ ಮಳೆನೀರು, ಹತ್ತಿರದಿಂದ.]

ಇಂಗ್ಲೆಂಡಿನಲ್ಲಿ ಸಾಲ್ಸ್‌ಬರಿ ಬಯಲು ಅಂತ ಒಂದು ಹುಲ್ಲುಗಾವಲು ಇದೆ. ಸೇನೆ 1897ರಿಂದ ಅಲ್ಲಿ ಜಮೀನು ಕೊಳ್ಳುತ್ತಾ ಬಂದು ಈಗ ಸುಮಾರು 38,000 ಹೆಕ್ಟೇರ್ ಇಟ್ಟುಕೊಂಡಿದೆ. 62 ಟನ್ನಿನ ಚಾಲೆಂಜರ್ ಟ್ಯಾಂಕ್‌ಗಳು ಅಲ್ಲಿ ಓಡಿದ ಜಾಡಿನಲ್ಲಿ ಮಳೆನೀರು ನಿಲ್ಲುತ್ತದೆ. ಆ ಗುಂಡಿಯಲ್ಲಿ ಒಂದು ಜೀವ ಇದೆ. ಫೇರಿ ಶ್ರಿಂಪ್. ಸೀಗಡಿಯ ದೂರದ ಸಂಬಂಧಿ. ಸುಮಾರು ಒಂದು ಇಂಚು ಉದ್ದ. ಮೈ ಗಾಜಿನ ಹಾಗೆ, ಆಚೆ ಕಡೆ ಕಾಣುತ್ತದೆ. ಹೊಟ್ಟೆ ಮೇಲೆ ಮಾಡಿ, ಬೆನ್ನು ಕೆಳಗೆ ಮಾಡಿ ಈಜುತ್ತದೆ. 11 ಜೋಡಿ ಕಾಲು ಒಂದರ ಹಿಂದೆ ಒಂದು ಆಡುತ್ತಿರುತ್ತವೆ, ಜೋಳದ ಹೊಲದಲ್ಲಿ ಗಾಳಿ ಹಾದುಹೋದ ಹಾಗೆ.

ಇದಕ್ಕೆ ಕೆರೆ ಬೇಡ. ಕೆರೆಯಲ್ಲಿ ಮೀನು ಇರುತ್ತದೆ, ತಿಂದುಹಾಕುತ್ತದೆ. ಇದಕ್ಕೆ ಬೇಕಾದದ್ದು ಒಣಗಿಹೋಗುವ ಗುಂಡಿ. ಕೆಲವೇ ವಾರದಲ್ಲಿ ಹುಟ್ಟಿ, ಬೆಳೆದು, ಮೊಟ್ಟೆ ಇಟ್ಟು ಮುಗಿಸುತ್ತದೆ. ಗುಂಡಿ ಒಣಗುತ್ತದೆ. ಮೊಟ್ಟೆ ಮಣ್ಣಲ್ಲಿ ಧೂಳಿನಂತೆ ಕೂತು ವರ್ಷಗಟ್ಟಲೆ ಕಾಯುತ್ತದೆ. ಮತ್ತೆ ಮಳೆ ಬಂದಾಗ ಒಡೆಯುತ್ತದೆ.

ಹಿಂದೆ ಈ ಮೊಟ್ಟೆ ದನಗಳ ಗೊರಸಿಗೆ ಅಂಟಿದ ಕೆಸರಿನಲ್ಲಿ ಊರೂರು ಸುತ್ತುತ್ತಿತ್ತು. ಅಂಥ ದನದ ಹಾದಿ ಈಗ ಕಡಿಮೆಯಾದವು. ಗೊರಸಿನ ಕೆಲಸವನ್ನು ಇವತ್ತು ಟ್ಯಾಂಕ್ ಮಾಡುತ್ತಿದೆ. ಪಟ್ಟಿಗೆ ಕೆಸರು ಅಂಟುತ್ತದೆ, ಕೆಸರಿನಲ್ಲಿ ಮೊಟ್ಟೆ ಇರುತ್ತದೆ, ಮುಂದಿನ ಗುಂಡಿಯಲ್ಲಿ ಬೀಳುತ್ತದೆ. ಬ್ರಿಟನ್ನಿನಲ್ಲಿ ಈ ಜೀವಿಗೆ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ನಾನು ಇದನ್ನು ಮೊದಲು ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಎಮ್ಮೆಗಳು ಕೆಸರಿನಿಂದ ಎದ್ದು ಬರುವುದೇ ಕಣ್ಣ ಮುಂದೆ ಬರುತ್ತಿತ್ತು. ಇದೇ ಬಳಗದ ಸ್ಟ್ರೆಪ್ಟೊಸೆಫಾಲಸ್ ಅನ್ನುವ ಜೀವಿ ಭಾರತದ ಮಳೆಗುಂಡಿಗಳಲ್ಲೂ ಇದೆ.

"ಹಾಗಾದರೆ ಗಾಲಿ ಓಡಿದರೆ ಒಳ್ಳೆಯದೇ ಅಲ್ವಾ?" ಅಂತ ಆ ಗ್ಯಾರೇಜಿನ ಹುಡುಗ ಕೇಳಿಯೇ ಕೇಳುತ್ತಾನೆ. ಎಷ್ಟು ಸಲ, ಯಾವಾಗ, ಎಲ್ಲಿ, ಇದೇ ಇಲ್ಲಿ ಎಲ್ಲ. ಅಭ್ಯಾಸ ಮುಗಿದು ಟ್ಯಾಂಕ್ ಹೋದ ಮೇಲೆ ಗುಂಡಿಗೆ ಬಿಡುವು ಸಿಗಬೇಕು. ಪ್ರತಿ ಭಾನುವಾರ ಕಲಕಿದರೆ ಮೊಟ್ಟೆ ಇಡುವ ಮೊದಲೇ ಜೀವ ಹೋಗುತ್ತದೆ. ಆ ಬಯಲಿನಲ್ಲಿ ಜನರ ವಾಹನಕ್ಕೆ ಬೇರೆ ಸಾರ್ವಜನಿಕ ಹಾದಿಗಳಿವೆ. ಅದನ್ನು ಬಿಟ್ಟು ಹುಲ್ಲಿಗೆ ಇಳಿದರೆ ತಪ್ಪು. ಕೆಂಪು ಬಾವುಟ ಹಾರುತ್ತಿದ್ದರೆ ಫೈರಿಂಗ್ ನಡೆಯುತ್ತಿದೆ, ಆ ಕಡೆ ಹೋಗುವಂತೆಯೇ ಇಲ್ಲ.

ಸಮಯ ಆಗುತ್ತಿದೆ, ಮುಂದಿನದನ್ನು ಬೇಗ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಜಾನ್ಸನ್ ವ್ಯಾಲಿ. ಆಫ್‌ರೋಡ್ ಓಡಿಸುವವರಿಗೆ ಅದು ಜಾತ್ರೆ ಇದ್ದ ಹಾಗೆ, ಕಿಂಗ್ ಆಫ್ ದ ಹ್ಯಾಮರ್ಸ್ ರೇಸ್ ನಡೆಯುವುದು ಅಲ್ಲೇ. ಪಕ್ಕದ ಮೆರೀನ್ ಸೇನಾ ಪಡೆಯ ನೆಲೆ ತರಬೇತಿಗೆ ಆ ಜಾಗ ಬೇಕು ಅಂದಿತು. ವರ್ಷಗಟ್ಟಲೆ ಜಗ್ಗಾಟ ನಡೆದು 2013ರ ಡಿಸೆಂಬರಿನಲ್ಲಿ ಕಾನೂನೇ ಬಂತು. ಒಂದು ಭಾಗ ಸೇನೆಗೆ, ಒಂದು ಭಾಗ ಜನರಿಗೆ, ಇನ್ನೊಂದು ಭಾಗ ಇಬ್ಬರಿಗೂ. ಆ ಮೂರನೆಯ ಭಾಗವನ್ನು ಸೇನೆ ವರ್ಷಕ್ಕೆ ಎರಡು ಸಲ, ಸಲಕ್ಕೆ ಹೆಚ್ಚೆಂದರೆ 30 ದಿನ ಬಳಸಬಹುದು. ಸಿಡಿಯದೆ ಉಳಿಯುವಂಥ ಮದ್ದುಗುಂಡು ಅಲ್ಲಿ ಹಾರಿಸುವಂತಿಲ್ಲ. ನನಗೆ ಇದು ತುಂಬಾ ಹಿಡಿಸಿತು. ಒಂದೇ ಹೊಲವನ್ನು ಅಣ್ಣತಮ್ಮಂದಿರು ಸರದಿ ಹಾಕಿಕೊಂಡು ಉತ್ತ ಹಾಗೆ.

ನಮ್ಮ ಕಡೆ ಮಣ್ಣಿನ ಮಾತು. ಕಲಬುರಗಿ, ಯಾದಗಿರಿಯ ಎರಿ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಹಾಗೆ ಬಿರಿದು ಉಬ್ಬಿ ತನ್ನ ಗಾಯವನ್ನು ಸ್ವಲ್ಪ ತಾನೇ ವಾಸಿ ಮಾಡಿಕೊಳ್ಳುತ್ತದೆ. ಬೀದರ್ ಕೆಂಪು ಕಲ್ಲಿನ ನೆಲಕ್ಕೆ ಆ ಗುಣ ಇಲ್ಲ. ಮೇಲ್ಮಣ್ಣು ತೆಳುವು, ಹೋದರೆ ಹೋಯಿತು. ಅದೇ ಬಯಲಲ್ಲಿ ಕೃಷ್ಣಮೃಗ ಮೇಯುತ್ತದೆ, ಟಿಟ್ಟಿಭ ಹಕ್ಕಿ ಬೇಸಿಗೆಯಲ್ಲಿ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಕಲ್ಲಿನ ಬಣ್ಣವೇ ಮೊಟ್ಟೆಯ ಬಣ್ಣ, ಬೈಕ್ ಮೇಲಿಂದ ಕಾಣುವುದೇ ಇಲ್ಲ. ನೌಬಾದ್ ಕಡೆ ನೆಲದ ಕೆಳಗೆ ಬಹಮನಿ ಕಾಲದ ಸುರಂಗ ಬಾವಿ ಇದೆ, ಮೇಲೆ ಅಲ್ಲಲ್ಲಿ ಅದರ ಬಾಯಿಗಳು. ಖಾಲಿ ಬಿದ್ದದ ಅಂದಿದ್ದನಲ್ಲ ಆ ಹುಡುಗ, ಅವನಿಗೆ ಇದನ್ನೆಲ್ಲ ಒಂದು ದಿನ ನಡೆಸಿಕೊಂಡು ಹೋಗಿ ತೋರಿಸಬೇಕು.

ಹಾಗಂತ ಅವನ ಆಸೆ ತಪ್ಪಲ್ಲ. ವಾಯುನೆಲೆಯ ಸುತ್ತ ಬೇಡವೇ ಬೇಡ, ವಿಮಾನದ ಎಂಜಿನ್‌ಗೆ ಒಂದು ಸಣ್ಣ ಕಲ್ಲು ಸಿಕ್ಕರೂ ಅಪಾಯ. ಆದರೆ ಶಹಾಬಾದ್, ಚಿತ್ತಾಪುರ ಕಡೆ ಕಲ್ಲು ತೆಗೆದು ಬಿಟ್ಟ ಹಳೆ ಗಣಿಗಳಿವೆ. ಅಲ್ಲಿ ಕೆಡಲು ಮೇಲ್ಮಣ್ಣು ಮೊದಲೇ ಉಳಿದಿಲ್ಲ. ಮಾಲೀಕರ ಒಪ್ಪಿಗೆ ತೆಗೆದುಕೊಂಡು, ನೀರು ತುಂಬಿದ ಗುಂಡಿಗಳಿಗೆ ಬೇಲಿ ಹಾಕಿ, ಒಂದೇ ಜಾಡು ಸುಣ್ಣದಲ್ಲಿ ಗುರುತು ಮಾಡಿ, ಮಳೆಗಾಲದಲ್ಲಿ ಬಂದ್ ಇಟ್ಟು ಓಡಿಸಿದರೆ ಹೇಗೆ? ನಮ್ಮ ಹುಡುಗರಿಗೆ ಅಂಥ ಒಂದು ಜಾಗ ಬೇಕು ಅಂತ ನಾನು ಮನಸಾರೆ ನಂಬುತ್ತೇನೆ. ದೀಪಾವಳಿ ಆದ ಮೇಲೆ ಆ ಗ್ಯಾರೇಜಿನ ಹುಡುಗನನ್ನು ಕರೆದುಕೊಂಡು ಎರಡು ಗಣಿ ನೋಡಿ ಬರುತ್ತೇವೆ. ಸೈಕಲ್ ಕಡ್ಡಿ ಚೀಲದಲ್ಲೇ ಇದೆ.