ಶಿವಗಂಗೆಗೆ ಹಿಂದಿನ ಸಂಜೆಯೇ ಹೋಗಿ

ನಮಸ್ಕಾರ. ಶುಕ್ರವಾರ ಸಂಜೆ ಆಯ್ತು ಅಂದ್ರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ಮಾತು: "ತಲೆ ಕೆಟ್ಟುಹೋಗಿದೆ, ಎಲ್ಲಾದ್ರೂ ಬೆಟ್ಟಕ್ಕೆ ಹೋಗಿಬರೋಣ." ಆ ಬಯಕೆ ನಿಜವಾದದ್ದು. ಮನಸ್ಸಿಗೆ ನೆಮ್ಮದಿ ಬೇಕು ಅಂತ ಬೆಟ್ಟ ಹತ್ತೋದು ಈ ನಾಡಿನಲ್ಲಿ ಬಹಳ ಹಳೇ ರೂಢಿ. ಆದರೆ ಅದಕ್ಕೆ ನಾವು ಆರಿಸ್ಕೊಳ್ತಿರೋ ದಾರಿ ತಪ್ಪಾಗಿದೆ ಅನ್ನೋದು ನಮ್ಮ ಅಭಿಪ್ರಾಯ.

ಸಾಮಾನ್ಯವಾಗಿ ಏನು ಮಾಡ್ತೀವಿ? ಶನಿವಾರ ಬೆಳಗಿನ ಜಾವ ಮೂರಕ್ಕೆ ಎದ್ದು ನಂದಿಬೆಟ್ಟದ ಕಡೆ ಗಾಡಿ ಬಿಡ್ತೀವಿ. ಘಾಟಿ ರಸ್ತೆಯಲ್ಲಿ ಸಾಲುಗಟ್ಟಿ ನಿಲ್ತೀವಿ. ಸೂರ್ಯೋದಯದ ಫೋಟೊ ತೆಗೆದು, ಹೆದ್ದಾರಿಯಲ್ಲಿ ದೋಸೆ ತಿಂದು, ಹನ್ನೊಂದಕ್ಕೆ ಮನೆಗೆ ಬಂದು ಮಧ್ಯಾಹ್ನ ಪೂರ್ತಿ ಮಲಗ್ತೀವಿ. ನಿದ್ದೆಗೆಟ್ಟ ತಲೆಯಲ್ಲಿ ಧ್ಯಾನ ಆಗಲ್ಲ, ತೂಕಡಿಕೆ ಆಗುತ್ತೆ ಅಷ್ಟೇ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಟ್ಟದ ತಲೆ ಮೋಡದೊಳಗೇ ಇರೋದು ಹೆಚ್ಚು, ಆಗ ಸೂರ್ಯೋದಯವೂ ಕಾಣಿಸಲ್ಲ. ಕಣಿವೆ ತುಂಬಾ ಬಿಳಿ ಮಂಜು, ಮೇಲೆ ಶುಭ್ರ ಆಕಾಶ ಬೇಕು ಅಂದ್ರೆ ಮಳೆಗಾಲ ಮುಗಿದ ಮೇಲೆ, ಗಾಳಿ ಇಲ್ಲದ ತಣ್ಣನೆಯ ರಾತ್ರಿ ಕಳೆದ ಬೆಳಗು ಬೇಕು.

ಇನ್ನೊಂದು ನಂಬಿಕೆ, ಎತ್ತರದ ಗಾಳಿಯೇ ಮನಸ್ಸನ್ನು ತೊಳೆಯುತ್ತೆ ಅನ್ನೋದು. ಲೆಕ್ಕ ನೋಡಿ. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ನಂದಿಬೆಟ್ಟ 1,478 ಮೀಟರ್. ಪ್ರತಿ 100 ಮೀಟರ್‌ಗೆ ಹೆಚ್ಚುಕಡಿಮೆ 0.65 ಡಿಗ್ರಿ ತಂಪು ಅಂದರೂ, ಮೂರೂವರೆ ಡಿಗ್ರಿ ವ್ಯತ್ಯಾಸ. ಅಷ್ಟು ತಂಪಿಗೆ ಲಾಲ್‌ಬಾಗ್‌ನ ಮರದ ನೆರಳೇ ಸಾಕು. ಬೆಟ್ಟ ಕೊಡೋದು ಬೇರೆ: ಮೆಟ್ಟಿಲು. ಒಂದೇ ಕೆಲಸವನ್ನು ಎರಡು ಗಂಟೆ ಕಾಲ, ನಿಧಾನವಾಗಿ, ಇಡೀ ಮೈಯಿಂದ ಮಾಡಿಸುತ್ತೆ. ನಗರದಲ್ಲಿ ಅಂಥ ಎರಡು ಗಂಟೆ ಯಾರಿಗೆ ಸಿಗುತ್ತೆ ಹೇಳಿ. ಗಾಡಿಯಲ್ಲಿ ತುದಿ ಮುಟ್ಟಿದರೆ ಅದೇ ಕೈತಪ್ಪಿ ಹೋಗುತ್ತೆ.

ಅದಕ್ಕೇ ನಾವು ಹೇಳೋದು ಶಿವಗಂಗೆ. ತುಮಕೂರು ರಸ್ತೆಯಲ್ಲಿ ಸುಮಾರು ಐವತ್ತೈದು ಕಿಲೋಮೀಟರ್, ನೆಲಮಂಗಲ ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ. ಗಾಡಿ ಬೇಕೇಬೇಕು ಅಂತಿಲ್ಲ. ಹಸಿರು ಮೆಟ್ರೊ ಈಗ ಮಾದಾವರದ ತನಕ ಇದೆ. ಅಲ್ಲಿಂದ ನೆಲಮಂಗಲಕ್ಕೆ ಬಂದರೆ ದಾಬಸ್‌ಪೇಟೆಗೆ ಬಸ್ಸು, ಮುಂದೆ ಆಟೋ. ಬೆಟ್ಟದ ತುದಿಗೆ ಗಾಡಿ ರಸ್ತೆ ಇಲ್ಲ. ಅದೇ ಅದರ ದೊಡ್ಡ ಗುಣ.

ಸಂಜೆ ನಾಲ್ಕೈದರ ಹೊತ್ತಿಗೆ ಊರು ಸೇರಿ. ಮಠ, ಛತ್ರಗಳಿವೆ, ಮೊದಲೇ ಫೋನ್ ಮಾಡಿ ವಿಚಾರಿಸಿ. ಅಲ್ಲಿ ಸಿಗದಿದ್ದರೆ ದಾಬಸ್‌ಪೇಟೆಯಲ್ಲೋ ತುಮಕೂರಲ್ಲೋ ಉಳೀಬಹುದು. ಕತ್ತಲಾಗೋ ಮುಂಚೆ ಬೆಟ್ಟವನ್ನು ಕೆಳಗಿನಿಂದ ಸುಮ್ಮನೆ ನೋಡಿ. ಪೂರ್ವದಿಂದ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ, ಹೀಗೆ ಕಾಣುತ್ತೆ ಅಂತ ಹಿರಿಯರು ಹೇಳ್ತಾರೆ. ಒಂದು ಬಂಡೆಯನ್ನು ನಾಲ್ಕು ದಿಕ್ಕಿನಿಂದ ಅಷ್ಟು ಹೊತ್ತು ನೋಡುವ ವ್ಯವಧಾನ ಅವರಿಗಿತ್ತು. ಊಟ ಹಗುರ ಇರಲಿ, ಒಂಬತ್ತೂವರೆಗೆ ಮಲಗಿ.

ಬೆಳಿಗ್ಗೆ ಆರೂಕಾಲಕ್ಕೆ ಹತ್ತೋಕೆ ಶುರು ಮಾಡಿದರೆ ಸರಿ. ಖಾಲಿ ಹೊಟ್ಟೆಯಲ್ಲಿ ಬೇಡ. ವ್ರತ ಇದ್ದರೂ ಎರಡು ಬಾಳೆಹಣ್ಣು, ಒಂದು ಲೋಟ ನೀರು. ಜೊತೆಗೆ ಒಬ್ಬರಿಗೆ ಎರಡು ಲೀಟರ್ ನೀರು, ಹುರಿಗಡಲೆ, ಬೆಲ್ಲ. ಬುತ್ತಿ ಕಟ್ಟೋದಾದರೆ ಪುಳಿಯೋಗರೆ ಕಟ್ಟಿ. ಮೊಸರನ್ನ ಬಂಡೆಯ ಕಾವಿಗೆ ಹತ್ತೂವರೆಯೊಳಗೆ ಹುಳಿಯಾಗುತ್ತೆ. ಇದೆಲ್ಲ ಬಟ್ಟೆ ಬ್ಯಾಗಿನ ಒಳಗೇ ಇರಲಿ, ಬ್ಯಾಗು ಎದೆ ಮೇಲಿರಲಿ. ಅಲ್ಲಿನ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಅಂದ್ರೆ ತಿಂಡಿ ಅಂತಲೇ ಅರ್ಥ. ಕೈಯಲ್ಲಿ ಬಣ್ಣದ ಜ್ಯೂಸ್ ಬಾಟಲಿ ಇದ್ದರೂ ಕಿತ್ಕೊಳ್ಳುತ್ತವೆ. ಆಗ ಎಳೆದಾಡಬೇಡಿ, ಬಿಟ್ಟುಬಿಡಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯೋ ನೀರಲ್ಲಿ ತೊಳೆದು, ಅವತ್ತೇ ರೇಬಿಸ್ ಚುಚ್ಚುಮದ್ದಿಗೆ ಹೋಗಬೇಕು. ಅತ್ತರು, ಸೆಂಟು ಹಾಕ್ಕೊಬೇಡಿ, ಬಂಡೆಗಳ ನಡುವೆ ಕರ್ಪೂರ ಹಚ್ಚಬೇಡಿ. ಇಂಥ ಬಂಡೆಬೆಟ್ಟಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತೆ, ವಾಸನೆ ಮತ್ತು ಹೊಗೆಗೆ ಏಳುತ್ತೆ.

ಈಗ ಮುಖ್ಯ ವಿಷಯ, ಮೌನ. ಜೊತೆಯಲ್ಲಿ ಬಂದವರ ಹತ್ತಿರ ಮೊದಲೇ ಮಾತಾಡ್ಕೊಳ್ಳಿ: ಮೊದಲ ಮೆಟ್ಟಿಲಿನಿಂದ ತುದಿವರೆಗೆ ಮಾತಿಲ್ಲ, ಅಪಾಯ ಇದ್ದರೆ ಮಾತ್ರ. ಇಷ್ಟು ಹೊತ್ತಿಗೆ ಫೋನ್ ಮಾಡ್ತೀವಿ ಅಂತ ಮನೆಗೆ ಹೇಳಿ, ಫೋನನ್ನು ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿ. ನಂಬಿಕೆ ಇದ್ದವರು ಮೆಟ್ಟಿಲಿಗೊಂದು ನಾಮ ಹೇಳ್ಕೊಳ್ಳಿ, ಇಲ್ಲದವರು ಮೆಟ್ಟಿಲು ಎಣಿಸಿ. ಎರಡೂ ಮನಸ್ಸಿಗೆ ಒಂದು ಗೂಟ. ನಾಮ ತಪ್ಪುವಷ್ಟು ಏದುಸಿರು ಬಂದರೆ ವೇಗ ಜಾಸ್ತಿಯಾಯ್ತು ಅಂತ ಲೆಕ್ಕ. ಇಪ್ಪತ್ತು ನಿಮಿಷ ಹತ್ತಿ ಐದು ನಿಮಿಷ ಕೂತ್ಕೊಳ್ಳಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಸಹಾಯ ಕೇಳಿ. ಆಗ ವ್ರತ, ಮೌನ ಯಾವುದೂ ಮುಖ್ಯ ಅಲ್ಲ.

ಬಹಳ ಜನ ಸೋಲೋದು ಮೊದಲ ಅರ್ಧ ಗಂಟೆಯಲ್ಲಿ. ಮಾತು ನಿಂತ ಕೂಡಲೇ ತಲೆಯೊಳಗಿನ ಗಲಾಟೆ ಜೋರಾಗುತ್ತೆ. ಮನೆ ಸಾಲದ ಕಂತು, ಆಫೀಸಿನ ಮೇಲ್, ಎರಡು ವರ್ಷದ ಹಿಂದೆ ಯಾರೋ ಆಡಿದ ಮಾತು, ಎಲ್ಲ ಮೇಲೆ ಬರುತ್ತೆ. "ನನಗೆ ಇದೆಲ್ಲ ಆಗಲ್ಲ" ಅಂತ ಅಲ್ಲೇ ಕೈಬಿಡ್ತಾರೆ. ಗಲಾಟೆ ಹೊಸದಲ್ಲ, ಇಷ್ಟು ದಿನ ಹೊರಗಿನ ಸದ್ದಿನಲ್ಲಿ ಕೇಳಿಸ್ತಿರಲಿಲ್ಲ. ಜೇಬಲ್ಲಿ ಒಂದು ಚೀಟಿ, ಪೆನ್ಸಿಲ್ ಇರಲಿ. ನಿಜವಾಗಿ ಮಾಡಬೇಕಾದ ಕೆಲಸ ನೆನಪಾದರೆ ಒಂದೇ ಪದದಲ್ಲಿ ಬರೆದು ಮಡಿಸಿಡಿ. ಉಳಿದದ್ದಕ್ಕೆ ಉತ್ತರ ಕೊಡಬೇಡಿ.

ದಾರಿಯಲ್ಲಿ ಗುಹೆಯೊಳಗಿನ ಗಂಗಾಧರೇಶ್ವರ, ಹೊನ್ನಾದೇವಿ. ಗಂಗಾಧರೇಶ್ವರನ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತೆ ಅನ್ನೋದು ಭಕ್ತರ ನಂಬಿಕೆ. ಇನ್ನೂ ಮೇಲೆ ಒಳಕಲ್ಲು ತೀರ್ಥ. ಒಳಕಲ್ಲು ಅಂದ್ರೆ ಒರಳು. ಬಂಡೆಯಲ್ಲಿ ಒರಳಿನಂಥ ಗುಳಿ, ಅದರೊಳಗೆ ಕೈ ಬಿಟ್ಟರೆ ನೀರು ಸಿಗಬೇಕು. ಪುಣ್ಯವಂತರಿಗೆ ಮಾತ್ರ ಸಿಗುತ್ತೆ ಅನ್ನೋ ಮಾತಿದೆ. ಸಿಗದೆ ಮುಖ ಸಪ್ಪೆ ಮಾಡ್ಕೊಂಡು ಇಳಿಯೋರನ್ನು ನೋಡಿದರೆ ಸಂಕಟ ಆಗುತ್ತೆ. ತೋಳು ಗಿಡ್ಡ ಇದ್ದವರಿಗೆ ಸಿಗೋದು ಕಷ್ಟ. ಭುಜದ ತನಕ ಕೈ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಇರಿ. ಬೆಟ್ಟದ ಹೊಟ್ಟೆಯ ತಂಪು ಬೆರಳಿಗೆ ತಾಗುತ್ತಲ್ಲ, ಅದಕ್ಕೂ ಕೈಮುಗಿಯಬಹುದು.

ಅಲ್ಲಿಂದಾಚೆ ಏರು ಕಡಿದು. ಬಂಡೆಯಲ್ಲೇ ಕಡೆದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಮಳೆ ಬಿದ್ದಿದ್ದರೆ ಒಳಕಲ್ಲಿಗೇ ನಿಲ್ಲಿಸಿ, ಪಾಚಿ ಕಟ್ಟಿದ ಬಂಡೆ ಗಾಜಿನ ಹಾಗೆ ಜಾರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ, ಹನ್ನೆರಡರೊಳಗೆ ಕೆಳಗಿರಬೇಕು. ಸಂಕ್ರಾಂತಿಯ ಗಿರಿಜಾ ಕಲ್ಯಾಣಕ್ಕೆ ಭಕ್ತಿಯಿಂದ ಹೋಗಿ, ಏಕಾಂತ ಹುಡುಕ್ಕೊಂಡು ಹೋಗಬೇಡಿ. ಏಕಾಂತಕ್ಕೆ ಮಂಗಳವಾರ, ಬುಧವಾರ ಒಳ್ಳೇದು. ಒಂದು ದಿನ ರಜೆ ಹಾಕಿದರೂ ನಷ್ಟವಿಲ್ಲ.

ತುದಿಯಲ್ಲಿ ನಲವತ್ತು ನಿಮಿಷ ಕೂತ್ಕೊಳ್ಳಿ. ಅಂಚಿನಿಂದ ದೂರ, ಗಾಳಿಗೆ ಬೆನ್ನು ಮಾಡಿ, ಬೆವರಿದ ಮೈಗೆ ಒಂದು ಟವೆಲ್ ಹೊದ್ದು. ಕಣ್ಣು ಮುಚ್ಚಲೇಬೇಕು ಅಂತಿಲ್ಲ. ಕುಮುದ್ವತಿ ನದಿ ಹುಟ್ಟೋದು ಇದೇ ಬೆಟ್ಟದ ಸೀಮೆಯಲ್ಲಿ. ಅದು ಅರ್ಕಾವತಿಯನ್ನು ಸೇರೋದು ತಿಪ್ಪಗೊಂಡನಹಳ್ಳಿಯಲ್ಲಿ. ಅಲ್ಲಿ 1933ರಲ್ಲಿ ಆದ ಜಲಾಶಯದ ನೀರನ್ನು ಬೆಂಗಳೂರು ದಶಕಗಳ ಕಾಲ ಕುಡಿದಿದೆ. ನಮ್ಮ ಅಜ್ಜ ಅಜ್ಜಿಯರ ಮನೆಯ ನಲ್ಲಿಗೆ ಬಂದ ನೀರಿನಲ್ಲಿ ಈ ಬಂಡೆ ಮೇಲೆ ಬಿದ್ದ ಮಳೆಯ ಪಾಲೂ ಇತ್ತು. ಇಂದು ಕುಮುದ್ವತಿ ವರ್ಷದ ಬಹುಪಾಲು ಬತ್ತಿರುತ್ತೆ. ತಂದ ಬಾಟಲಿ, ಕವರನ್ನು ವಾಪಸ್ ಕೆಳಗೆ ತೆಗೆದುಕೊಂಡು ಹೋಗೋದನ್ನು ಪೂಜೆಯ ಭಾಗ ಅಂತಲೇ ನಾವು ಎಣಿಸ್ತೀವಿ.

ಇಳಿಯುವಾಗ ಮಂಡಿ ಹುಷಾರು. ಹೆಜ್ಜೆ ಸಣ್ಣದಿರಲಿ, ಕಡಿದಾದ ಕಡೆ ಅಡ್ಡಡ್ಡ ಕಾಲಿಡಿ. ಇಳಿಯುವಾಗ ತೊಡೆಯ ಸ್ನಾಯು ಎಳೆದ ಸ್ಥಿತಿಯಲ್ಲೇ ಭಾರ ಹೊರೋದರಿಂದ ಎರಡು ದಿನ ನೋವಿರುತ್ತೆ. ಮಧ್ಯಾಹ್ನ ಎರಡಕ್ಕೆ ಹೊರಟರೆ ನೆಲಮಂಗಲ, ಗೊರಗುಂಟೆಪಾಳ್ಯದ ಸಂಜೆಯ ದಟ್ಟಣೆಗೆ ಸಿಗಲ್ಲ. ಮನೆಗೆ ಕೆಳಗಿನಿಂದಲೇ ಒಂದು ಫೋನ್ ಮಾಡಿ, ಮತ್ತೆ ಆಫ್ ಮಾಡಿಬಿಡಿ. ಚೀಟಿಯನ್ನು ಮರುದಿನ ಬೆಳಿಗ್ಗೆ ಸ್ನಾನ ಆದ ಮೇಲೆ ತೆಗೆಯಿರಿ.