ತಂತಿ ಎಳೆದ್ರೆ ಮುಗೀತಾ? ಎರಡನೇ ಹಳಿ ಎಲ್ಲಿ ಮಾರಾಯ್ರೆ!

ನಮಸ್ಕಾರ ಮಾರಾಯ್ರೆ. ಹೋದ ವಿಡಿಯೋ ಕೆಳಗೆ ಒಬ್ರು ಕಮೆಂಟ್ ಹಾಕಿದ್ದಾರೆ, "ಕೊಂಕಣ ರೈಲ್ವೆ ಪೂರ್ತಿ ಕರೆಂಟ್ ಆಯ್ತಲ್ಲ, ಇನ್ನೂ ಎಂತ ಗೋಳು ನಿಮ್ದು" ಅಂತ. ರಿಪ್ಲೈ ಟೈಪ್ ಮಾಡ್ಲಿಕ್ಕೆ ಕೂತೆ, ಉದ್ದ ಆಯ್ತು, ಎಪಿಸೋಡೇ ಮಾಡಿಬಿಟ್ಟೆ.

ಕೆಲ್ಸ ಸಣ್ಣದಲ್ಲ, ಒಪ್ತೇನೆ. ಮಹಾರಾಷ್ಟ್ರದ ರೋಹಾದಿಂದ ನಮ್ಮ ಮಂಗಳೂರು ಹತ್ರದ ತೋಕೂರು ತನಕ 740 ಕಿಲೋಮೀಟರ್, 2015ರಲ್ಲಿ ಶಂಕುಸ್ಥಾಪನೆ, ಸುರಂಗಗಳೇ ತೊಂಬತ್ತರ ಮೇಲೆ, ಅದ್ರೊಳಗೆಲ್ಲ 25 ಸಾವಿರ ವೋಲ್ಟಿನ ತಂತಿ ಕೂರಿಸ್ಬೇಕು, ಮಳೆಗಾಲ ಬಂದ್ರೆ ಗುಡ್ಡ ಜರೀತದೆ, ಮಧ್ಯದಲ್ಲಿ ಕೊರೋನಾ ಬೇರೆ. ಆದ್ರೂ 2022ರ ಜೂನ್ 20ಕ್ಕೆ ಲೋಕಾರ್ಪಣೆ ಆಯ್ತು. ಸುರಂಗದಲ್ಲಿ ಕಿಟಕಿಯಿಂದ ಮುಖಕ್ಕೇ ನುಗ್ಗುತ್ತಿದ್ದ ಡೀಸೆಲ್ ಹೊಗೆ ಹೋಯ್ತು. ಲಾರಿ ಹೊತ್ಕೊಂಡು ಹೋಗುವ ರೋ-ರೋ ರೈಲೂ ಅದೇ ತಂತಿ ಅಡಿಯಲ್ಲಿ ಹೋಗ್ತದೆ, ಹತ್ತಿಸುವ ಮೊದ್ಲು ಲಾರಿ ಎತ್ತರ ಅಳೀತಾರೆ. ಚಂದ ಉಂಟು, ಚಪ್ಪಾಳೆ.

ಆದ್ರೆ ಹಳಿ? ಒಂದೇ! ರೋಹಾ–ವೀರ್ 46 ಕಿಲೋಮೀಟರ್ 2021ರಲ್ಲಿ ಡಬಲ್ ಆಯ್ತು, ಅದೂ ಮಹಾರಾಷ್ಟ್ರದ ಆ ತುದಿ. ಕಾರವಾರ, ಕುಮಟಾ, ಭಟ್ಕಳ, ಕುಂದಾಪುರ, ಉಡುಪಿ, ನಮಗೆಲ್ಲ ಸಿಂಗಲ್. ಒಂದೇ ಬಾಗಿಲಿನ ಮದುವೆ ಹಾಲ್‌ಗೆ ಸೀರಿಯಲ್ ಲೈಟ್ ಹಾಕಿದ ಹಾಗೆ, ಬೆಳಕು ಜೋರು, ನುಗ್ಗಾಟ ಅದೇ.

"ಎಲೆಕ್ಟ್ರಿಕ್ ಇಂಜಿನ್ ಪಿಕಪ್ ಜಾಸ್ತಿ ಸಾರ್." ಪಿಕಪ್ ತಗೊಂಡು ಹೋಗುದೆಲ್ಲಿಗೆ? ಮುಂದಿನ ಸ್ಟೇಷನ್ನಿನ ಲೂಪಿಗೆ, ಅಂದ್ರೆ ಪಕ್ಕದ ಹಳಿಗೆ! ಅಲ್ಲಿ ಕ್ರಾಸಿಂಗ್, ಎದುರಿನ ರೈಲು ದಾಟುವ ತನಕ ಕಾಯ್ಬೇಕು. ಫ್ಯಾನ್ ತಿರುಗ್ತಾ ಇರ್ತದೆ, ರೈಲು ಅಲ್ಲಾಡುದಿಲ್ಲ, ಅರ್ಧ ಬೋಗಿ ಕೆಳಗಿಳಿದು ಇಣುಕ್ತದೆ, ಎದುರಿನಿಂದ ಗೂಡ್ಸು ಧಡಧಡ ಹೋಗ್ತದೆ, "ಹಾಂ ಹೋಯ್ತು" ಅಂತ ಎಲ್ಲ ಹತ್ತಿ ಕೂತ್ರೆ ಸಿಗ್ನಲ್ ಕೆಂಪೇ, ಯಾಕಂದ್ರೆ ಹಿಂದಿನಿಂದ ವಂದೇ ಭಾರತ್ ಬರ್ತಾ ಉಂಟು!

(ಅಂದ ಹಾಗೆ "ಕ್ರಾಸಿಂಗ್ ಉಂಟು" ಸ್ಟಿಕ್ಕರ್ ಮಾಡಿಸಿದ್ದೇವೆ, ಲಿಂಕ್ ಕೆಳಗೆ, ಲ್ಯಾಪ್‌ಟಾಪಿಗೂ ಅಂಟ್ತದೆ, ಆಫೀಸಿಗೆ ಲೇಟಾದವ್ರು ಹಣೆಗೂ ಅಂಟಿಸ್ಕೊಳ್ಬಹುದು.)

ಇನ್ನು ಕೆಲವ್ರು, "ಗುಡ್ಡ ಕೊರೀಬೇಕು, ಖರ್ಚು ಗೊತ್ತಾ?" ಅಂತಾರೆ. ಓಹೋ, 1990ರಲ್ಲಿ ಗುಡ್ಡ ಇರ್ಲಿಲ್ವಾ? ಆಗ ಶುರು ಮಾಡಿ 1998ಕ್ಕೆ ಇಡೀ ಲೈನ್ ಬಿಟ್ಟುಕೊಟ್ರು, ಹೊಳೆ, ಕೆಸರು, ಕಗ್ಗಲ್ಲು ಎಲ್ಲ ದಾಟಿ. ಈಗ ಅದ್ರ ಪಕ್ಕ ಇನ್ನೊಂದು ಹಾಕ್ಲಿಕ್ಕೆ ಎಂತ ದೊಡ್ಡ ರೋಗ?

ಭೂಮಿ, ಪರ್ಮಿಷನ್, ಕಾಡು, ಬಜೆಟ್, ಫೈಲು, ಮೀಟಿಂಗು, ಎಲ್ಲ ಕೇಳಿ ಆಗಿದೆ, ನಂಗೆ ಬೇಡ. ಹಳಿ ಹಾಕಿ. ತಂತಿಗೆ ಬಂದ ದುಡ್ಡು ಹಳಿಗೆ ಯಾಕೆ ಬರುದಿಲ್ಲ? ಹಳಿ, ಹಳಿ, ಹಳಿ! ಇಲ್ಲಿ ಸ್ಕ್ರಿಪ್ಟಲ್ಲಿ ಇನ್ನೂ ಮೂರು ಪಾಯಿಂಟ್ ಉಂಟು, ಬಿಡಿ, ಬಿಪಿ ಏರ್ತಾ ಉಂಟು. ಯಾವ ಸ್ಟೇಷನ್ನಲ್ಲಿ ನಿಮ್ಮನ್ನ ಜಾಸ್ತಿ ಹೊತ್ತು ಕೂರಿಸಿದ್ರು, ಕಮೆಂಟಲ್ಲಿ ಹೆಸರು ಹಾಕಿ, ಸಬ್‌ಸ್ಕ್ರೈಬ್ ಮಾಡಿ, ರೈಲು ನಿಂತಾಗ ನೋಡ್ಲಿಕ್ಕೆ ಹಳೇ ಎಪಿಸೋಡ್ ಬೇಕಾದಷ್ಟುಂಟು.