ಕಾಲಿಗೆ ಮುಳ್ಳು, ತೊಡೆಸಂದಿಯಲ್ಲಿ ಗಂಟು

ಕೇಳುಗರೆ, ನಮಸ್ಕಾರ.

ಚಿಕ್ಕವನಿದ್ದಾಗ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿತ್ತು. ಪಿನ್ನಿನಲ್ಲಿ ಕಿತ್ತು ಆಟಕ್ಕೆ ಓಡಿದ್ದೆ. ಮಾರನೇ ದಿನ ಆ ಜಾಗ ಕೆಂಪಗೆ ಊದಿ ಬಿಸಿಯಾಗಿತ್ತು. ಆಮೇಲೆ ಕೀವು. ಜೊತೆಗೆ ತೊಡೆಸಂದಿಯಲ್ಲಿ ಮುಟ್ಟಿದರೆ ನೋಯುವ ಗಂಟು! ಚುಚ್ಚಿದ್ದು ಪಾದಕ್ಕೆ, ಗಂಟು ಕಟ್ಟಿದ್ದು ತೊಡೆಯಲ್ಲಿ. ಇದ್ಯಾವ ಲೆಕ್ಕ?

ಆ ಊತ ನಮ್ಮ ಮೈಯದೇ ಕೆಲಸ. ರಕ್ತನಾಳಗಳು ಹಿಗ್ಗಿ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಮೊದಲು ಬರುವವು ನ್ಯೂಟ್ರೋಫಿಲ್‌ಗಳು. ಬ್ಯಾಕ್ಟೀರಿಯಾವನ್ನು ನುಂಗಿ ತಾವೂ ಸಾಯುತ್ತವೆ. ಹತ್ತಿಯಲ್ಲಿ ಒರೆಸಿ ಬಿಸಾಡುವ ಕೀವಿನಲ್ಲಿ ಇರುವುದು ಬಹುಪಾಲು ಅವುಗಳ ಹೆಣ.

ಇನ್ನು ಆ ಗಂಟು. ಡಾಕ್ಟರು ಅದನ್ನು ಲಿಂಫ್ ನೋಡ್ ಅನ್ನುತ್ತಾರೆ. ಕಾಲಿನ ಜೀವಕೋಶಗಳ ನಡುವಿನಿಂದ ಹರಿದು ಬರುವ ನೀರಿನಂಥ ರಸ ಅಲ್ಲಿ ಸೋಸಿಕೊಂಡು ಹೋಗುತ್ತದೆ. ಒಳಗೆ ಲಿಂಫೋಸೈಟ್ ಎಂಬ ಕಣಗಳು ಕಾದು ಕೂತಿರುತ್ತವೆ. ಒಂದೊಂದಕ್ಕೂ ಒಂದೇ ಗುರುತು ಗೊತ್ತು. ಬಂದ ರೋಗಾಣುವಿಗೆ ಹೊಂದುವ ಕಣ ಸಿಕ್ಕಿತೋ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಗಂಟು ದಪ್ಪವಾಗುವುದು ಅದಕ್ಕೇ. ಹೊಸ ರೋಗವಾದರೆ ಈ ತಯಾರಿಗೆ ವಾರವಾದರೂ ಬೇಕು. ರೋಗ ಹೋದ ಮೇಲೂ ಕೆಲವು ಕಣಗಳು ಗುರುತು ಮರೆಯದೆ ಉಳಿಯುತ್ತವೆ.

ಎಷ್ಟು ದಿನ ಅಂತೀರಾ? ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಿಗೆ 1781ರಲ್ಲಿ ದಡಾರ ಬಂದಿತ್ತು. ಮತ್ತೆ ಬಂದದ್ದು 1846ರಲ್ಲಿ. ಸುಮಾರು 7,800 ಜನರಲ್ಲಿ 6,000 ಮಂದಿ ಹಾಸಿಗೆ ಹಿಡಿದರು. ಡೆನ್ಮಾರ್ಕಿನಿಂದ ಹೋದ 25 ವರ್ಷದ ಡಾಕ್ಟರ್ ಪೀಟರ್ ಪಾನುಮ್ ಮನೆಮನೆ ವಿಚಾರಿಸಿದರು. 1781ರಲ್ಲಿ ದಡಾರ ಬಂದಿದ್ದ ಮುದುಕರಲ್ಲಿ ಒಬ್ಬರಿಗೂ ಈ ಸಲ ತಗಲಿರಲಿಲ್ಲ. 65 ವರ್ಷದ ಹಿಂದಿನ ಕಾಯಿಲೆ, ಅಲ್ವಾ! ನಾನಂತೂ ಬೆಳಿಗ್ಗೆ ಇಟ್ಟ ಕನ್ನಡಕ ಮಧ್ಯಾಹ್ನ ಹುಡುಕುತ್ತೇನೆ.

ಆದರೆ ಈ ದಡಾರಕ್ಕೆ ಒಂದು ಕೆಟ್ಟ ಬುದ್ಧಿ ಇದೆ. ಅದರ ವೈರಸ್ ಆ ನೆನಪಿನ ಕಣಗಳಿಗೇ ಹೊಕ್ಕು ಕೊಲ್ಲುತ್ತದೆ. ಬೇರೆ ರೋಗಗಳ ಬಗ್ಗೆ ಮಗುವಿನ ಮೈ ಕಲಿತದ್ದರಲ್ಲಿ ಎಷ್ಟೋ ಅಳಿಸಿಹೋಗುತ್ತದೆ. 'ದಡಾರ ತಾನೇ, ಬಂದು ಹೋಗಲಿ ಬಿಡಿ' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಹಾಗಾದರೆ ಹುಟ್ಟಿದ ಕೂಡಲೇ ದಡಾರದ ಲಸಿಕೆ ಯಾಕೆ ಹಾಕುವುದಿಲ್ಲ? ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ಕೂಸಿನ ರಕ್ತದಲ್ಲಿ ಇನ್ನೂ ಇರುತ್ತವೆ. ಲಸಿಕೆಯೊಳಗಿನ ಬಲ ಕುಂದಿಸಿದ ವೈರಸ್ಸನ್ನು ಅವೇ ಮುಗಿಸಿಬಿಡುತ್ತವೆ. ಕೂಸಿಗೆ ಕಲಿಯಲು ಏನೂ ಸಿಗುವುದಿಲ್ಲ. ಅದಕ್ಕೇ 9 ತಿಂಗಳು ಕಾಯುವುದು. 9ರಿಂದ 12 ತಿಂಗಳೊಳಗೆ ಮೊದಲನೆಯ ಚುಚ್ಚುಮದ್ದು, 16ರಿಂದ 24 ತಿಂಗಳೊಳಗೆ ಎರಡನೆಯದು. ಮನೆಯಲ್ಲಿ ಪುಟ್ಟ ಮಗುವಿದ್ದರೆ ತಾಯಿ ಕಾರ್ಡ್ ತೆಗೆದು ನೋಡಿ, ಎರಡೂ ಕಡೆ ತಾರೀಖು ಬಿದ್ದಿದೆಯಾ ಅಂತ. ನಮಸ್ಕಾರ.